ಹನ್ನೊಂದರಿಂದ ಒಂದರವರೆಗಿನ ಮೌನ

ಆ ಮನೆಯಲ್ಲಿ ಬೆಳಗಿನ ಹನ್ನೊಂದು ಗಂಟೆಯಾಯಿತೆಂದರೆ ಸೊಳ್ಳೆ ಕೂಡ ಹೊರಗೆ ಹೋಗಿ ಗುಂಯ್‌ಗುಡಬೇಕು, ಅಷ್ಟು ಕಟ್ಟುನಿಟ್ಟು. ಅತ್ತೆ ಕರೆಗಂಟೆಯ ಬ್ಯಾಟರಿ ಕಿತ್ತು ತಮ್ಮ ಕನ್ನಡಕದ ಡಬ್ಬಿಯೊಳಗೆ ಇಟ್ಟುಬಿಡುವರು. ಮಾವ ಚಪ್ಪಲಿ ಬಿಟ್ಟು ಬೆಕ್ಕಿನ ಹೆಜ್ಜೆ ಹಾಕುವರು. ಮೊಣಕಾಲಿನ ಲಟಲಟ ಸದ್ದಿಗೆ ಮಾತ್ರ ಅವರ ಬಳಿ ಮದ್ದಿರಲಿಲ್ಲ. ಸೀನು ಬಂದರೆ ದಿಂಬು, ಕೆಮ್ಮು ಬಂದರೆ ಬಚ್ಚಲುಮನೆ. ಮಿಕ್ಸಿ, ಟೀವಿ, ಜಗಳ ಇವೆಲ್ಲ ಏನಿದ್ದರೂ ಒಂದು ಗಂಟೆಯ ಮೇಲೆ. ಇದನ್ನೆಲ್ಲ ಯಾರೂ ಯಾರ ಮೇಲೂ ಹೇರಿರಲಿಲ್ಲ. ಸೊಸೆಯ ಕೆಲಸಕ್ಕೆ ತೊಂದರೆಯಾಗಬಾರದೆಂದು ಮನೆಯವರೇ ತಮ್ಮ ಬಾಯಿಗೆ ತಾವೇ ಹಾಕಿಕೊಂಡ ಬೀಗ ಅದು.

ಸೊಸೆಯ ಕೆಲಸ ಕೇಳುವುದು. ಗಂಡ ಹೇಳಿದ್ದನ್ನು ಕೇಳುವುದಲ್ಲ, ಅದಕ್ಕೆ ಯಾರೂ ಸಂಬಳ ಕೊಡುವುದಿಲ್ಲ. ಒಂದು ಸಣ್ಣ ಪ್ರಕಾಶನದವರು ಕಾದಂಬರಿಗಳನ್ನು ಓದಿಸಿ ಕೇಳುಪುಸ್ತಕ ಮಾಡುತ್ತಿದ್ದರು. ಓದುವವರು ಎಲ್ಲಾದರೂ ಪದ ಬಿಟ್ಟರೆ, ಅಕ್ಷರ ನುಂಗಿದರೆ, ಹಾಳೆ ತಿರುವಿದ ಸದ್ದು ಬಂದರೆ, ಹೊಟ್ಟೆ ಗುಡುಗುಟ್ಟಿದರೆ, ಅದನ್ನು ನಿಮಿಷ ಸೆಕೆಂಡು ಸಮೇತ ಬರೆದು ಪಟ್ಟಿ ಕಳಿಸುವುದು ಅವಳ ಪಾಲಿನ ಹೊಣೆ. ಹದ್ದಿಗೆ ಕಣ್ಣು ಹೇಗೋ ನಿಮಗೆ ಕಿವಿ ಹಾಗೆ ಎಂದು ಅಲ್ಲಿನ ಸಂಪಾದಕಿ ಒಮ್ಮೆ ಹೊಗಳಿದ್ದೇ ತಡ, ಮಾವ ಅವಳಿಗೆ ‘ಹದ್ದುಗಿವಿ’ ಎಂದು ಹೆಸರಿಟ್ಟುಬಿಟ್ಟರು. ಅವಳಿಗೂ ಒಳಗೊಳಗೇ ಹೆಮ್ಮೆ. ಎಂಟು ವರ್ಷಗಳಲ್ಲಿ ಅವಳ ಪಟ್ಟಿಯಲ್ಲಿ ತಪ್ಪಿದೆಯೆಂದು ಯಾರೂ ಬೆರಳಿಟ್ಟು ತೋರಿಸಿರಲಿಲ್ಲ.

ರೆಕಾರ್ಡಿಂಗನ್ನು ಕಂಪ್ಯೂಟರಿಗೆ ಇಳಿಸಿಕೊಳ್ಳಲು ಪ್ರಕಾಶನದವರು ಬಿಡುತ್ತಿರಲಿಲ್ಲ, ಕಳುವಿನ ಭಯ. ಅವರದೇ ಆ್ಯಪ್ ತೆರೆದು, ಇಂಟರ್ನೆಟ್ಟಿನಲ್ಲಿ ಹರಿದು ಬಂದಂತೆಯೇ ಕೇಳಬೇಕು. ಸ್ಟುಡಿಯೊದಲ್ಲಿ ಹಿಡಿದ ದನಿ ಹೇಗಿತ್ತೋ ಹಾಗೆಯೇ, ಎಳ್ಳಷ್ಟೂ ಕುಗ್ಗಿಸದೆ ಬರುತ್ತಿತ್ತು. ಕಿವಿ ಎರಡು ತಾಸಿಗಿಂತ ಹೆಚ್ಚು ದುಡಿದರೆ ಮೋಸ ಮಾಡುತ್ತದೆಂದು ಅವಳು ದಿನಕ್ಕೆ ಎರಡೇ ತಾಸು ಕೂರುತ್ತಿದ್ದಳು. ಹನ್ನೊಂದರಿಂದ ಒಂದು.

ಈಗ ಕೇಳುತ್ತಿದ್ದದ್ದು ದೋಣಿ ನಡೆಸುವ ಒಂದು ಮನೆತನದ ಕಥೆ, ಐದು ಸಂಪುಟಗಳ ಕಾದಂಬರಿ. ಓದುತ್ತಿದ್ದವರು ಮೂವತ್ತನಾಲ್ಕು ವರ್ಷ ರೈಲ್ವೆ ಸ್ಟೇಷನ್ನಿನಲ್ಲಿ ರೈಲು ಬರುವುದನ್ನೂ ಹೋಗುವುದನ್ನೂ ಸಾರಿ ಹೇಳಿ ನಿವೃತ್ತರಾದವರು. ಸ್ಟುಡಿಯೊದಲ್ಲಿ ಎಲ್ಲರಿಗೂ ಅವರು ‘ಅನೌನ್ಸರ್ ತಾತ’. ಅವಳು ಅವರ ಮುಖ ನೋಡಿರಲಿಲ್ಲ. ಆದರೆ ಆ ದನಿ ಅವಳಿಗೆ ಎಷ್ಟು ಇಷ್ಟವಾಗಿತ್ತೆಂದರೆ, ಹೆಡ್‌ಫೋನ್ ತೆಗೆದ ಮೇಲೂ ಅರ್ಧ ಗಂಟೆ ಯಾರ ಮಾತೂ ರುಚಿಸುತ್ತಿರಲಿಲ್ಲ. ಮೂರನೆಯ ಸಂಪುಟ ಮುಗಿಯುವವರೆಗೆ ತಪ್ಪು ಎಂದರೆ ಬೆರಳೆಣಿಕೆಯಷ್ಟು.

ನಾಲ್ಕನೆಯ ಸಂಪುಟ ಶುರುವಾದದ್ದೇ ಅದೇನಾಯಿತೋ, ತಾತ ಪದಗಳನ್ನು ನುಂಗತೊಡಗಿದರು. ‘ಮುಂಜಾನೆ’ ಎನ್ನುವಲ್ಲಿ ‘ಮುಂ... ನೆ’. ‘ಹುಟ್ಟುಹಾಕಿದ’ ಎನ್ನುವಲ್ಲಿ ‘ಹುಟ್... ದ’. ಒಂದೊಂದು ಕಡೆ ಇಡೀ ಪದವೇ ಮಾಯ, ಕೆಲವೊಮ್ಮೆ ಸಣ್ಣದೊಂದು ಟಕ್ ಸದ್ದು. ವಯಸ್ಸಾಯಿತಲ್ಲ, ಉಸಿರು ಸಾಲದೇನೋ ಎಂದುಕೊಂಡಳು. ಹಾಗೆಂದು ಬರೆಯದೆ ಬಿಡಲಾದೀತೆ? ಅವಳು ಪ್ರತಿಯೊಂದನ್ನೂ ಬರೆದಳು. ‘ಪದ ನುಂಗಿದ್ದಾರೆ.’ ‘ಇಲ್ಲೂ ನುಂಗಿದ್ದಾರೆ.’ ಮೂರು ವಾರದಲ್ಲಿ ಪಟ್ಟಿ ಅರವತ್ತಮೂರಕ್ಕೆ ಮುಟ್ಟಿತು.

ಶುಕ್ರವಾರ ಸಂಪಾದಕಿಯ ಫೋನು ಬಂತು.

“ಅನೌನ್ಸರ್ ತಾತನ ವಿಷ್ಯ ಸೋಮವಾರ ತೀರ್ಮಾನ ಮಾಡ್ತೀವಿ. ಕೊನೇ ಸಂಪುಟನ ಬೇರೆಯವರ ಹತ್ರ ಓದಿಸೋಣ ಅಂತಿದೀವಿ. ಒಬ್ಬ ಹೊಸ ಹುಡುಗಿ ಇದಾಳೆ, ಒಳ್ಳೇ ದನಿ. ಏನ್ಮಾಡೋದು, ನಿಮ್ಮ ಪಟ್ಟಿ ನೋಡಿದ್ಮೇಲೆ ಧೈರ್ಯ ಬರ್ತಿಲ್ಲ.”

“ಅವರಿಗೆ ಹೇಳಿದೀರಾ?”

“ಪಟ್ಟಿ ಅವರಿಗೂ ಕಳಿಸ್ತಾನೆ ಇದೀವಲ್ಲ. ಪಾಪ, ಒಂದು ಮಾತೂ ಎದುರಾಡಿಲ್ಲ. ಮತ್ತೆ ಬಂದು ಓದ್ತಾರೆ, ಹೋಗ್ತಾರೆ. ನೀವು ಕೊನೇ ಎರಡು ಅಧ್ಯಾಯ ಕೇಳಿ ಸೋಮವಾರದೊಳಗೆ ವರದಿ ಕಳಿಸಿಬಿಡಿ.”

ನಾಲ್ಕು ಸಂಪುಟ ಹೊತ್ತು ತಂದವರನ್ನು ದಡ ಕಾಣುವ ಹೊತ್ತಿಗೆ ದೋಣಿಯಿಂದ ಇಳಿಸುವುದು. ಅದಕ್ಕೆ ಆಧಾರ ತನ್ನ ಪಟ್ಟಿ. ಅವಳಿಗೆ ಅಂದು ಊಟ ಸೇರಲಿಲ್ಲ.

ಶನಿವಾರ ಬೆಳಗ್ಗೆ ಹತ್ತೂವರೆಗೆ ಹೇಳದೆ ಕೇಳದೆ ನಾದಿನಿ ಬಂದಿಳಿದಳು, ಜೊತೆಗೆ ಮೂರು ಮಕ್ಕಳು. ಆ ಮಕ್ಕಳ ಮುಂದೆ ಮೌನದ ಮಾತೆತ್ತುವುದು ಬೋರ್ಗಲ್ಲ ಮೇಲೆ ನೀರು ಹೊಯ್ದಂತೆ. ಅತ್ತೆ ಕೈಚೆಲ್ಲಿದರು. ನಡುಮನೆಯಲ್ಲಿ ಚಾಪೆ ಹಾಸಿ ಇಡೀ ಸಂಸಾರ ಇಸ್ಪೀಟಿಗೆ ಕೂತಿತು. ಮಾವ ಮೋಸ ಮಾಡಿ ಸಿಕ್ಕಿಬಿದ್ದರು, ಮಕ್ಕಳು ಕಿರುಚಿದವು, ನಾದಿನಿ ಎಂದಿನಂತೆ ಸೂರು ಹಾರುವ ಹಾಗೆ ನಕ್ಕಳು. ಹದ್ದುಗಿವಿ ತನ್ನ ಕೋಣೆಯ ಬಾಗಿಲು ಹಾಕಿ, ಕಿಟಕಿ ಮುಚ್ಚಿ, ದಪ್ಪ ಹೆಡ್‌ಫೋನನ್ನು ಕಿವಿಗೆ ಒತ್ತಿಕೊಂಡು ಕುಳಿತಳು. ವರದಿ ಕೊಡಲೇಬೇಕಿತ್ತಲ್ಲ.

ಅವಳಿಗೆ ಅಚ್ಚರಿ ಕಾದಿತ್ತು. ತಾತ ಒಂದು ಅಕ್ಷರವನ್ನೂ ನುಂಗಲಿಲ್ಲ. ಇಪ್ಪತ್ತು ನಿಮಿಷ, ನಲವತ್ತು ನಿಮಿಷ, ಹಳೆಯ ತಾತ ಹಿಂತಿರುಗಿ ಬಂದಂತಿತ್ತು. ದೋಣಿಯ ಮುದುಕ ತನ್ನ ಮೊಮ್ಮಗಳಿಗೆ ಹುಟ್ಟು ಹಾಕಲು ಕಲಿಸುವ ಜಾಗದಲ್ಲಿ ಅವಳ ಕಣ್ಣು ತುಂಬಿ ಬಂತು. ಅವಳಿಗೆ ಅದೇನು ಹೊಳೆಯಿತೋ, ಹಿಂದಿನ ಒಂದು ಅಧ್ಯಾಯಕ್ಕೆ ಹೋಗಿ, ಎರಡು ದಿನದ ಕೆಳಗೆ ಗುರುತು ಹಾಕಿದ್ದ ಒಂದು ಜಾಗವನ್ನು ಮತ್ತೆ ಹಾಕಿ ಕೇಳಿದಳು. ಹನ್ನೆರಡನೆಯ ನಿಮಿಷ, ನಾಲ್ಕನೆಯ ಸೆಕೆಂಡು. ‘ಮುಂಜಾನೆ ಪದ ನುಂಗಿದ್ದಾರೆ.’ ಹೆಡ್‌ಫೋನಿನಲ್ಲಿ ತಾತ ಹೇಳಿದರು: ‘ಮುಂಜಾನೆ’. ಗಂಟೆ ಹೊಡೆದಂತೆ, ಪೂರ್ತಿ.

ಸರಿ, ಮತ್ತೆ ಓದಿ ತಿದ್ದಿರಬೇಕು ಎಂದುಕೊಂಡು ಅವಳು ಸ್ಟುಡಿಯೊದ ರೆಕಾರ್ಡಿಂಗ್‌ನವನಿಗೆ ಫೋನ್ ಮಾಡಿದಳು.

“ಆ ಅಧ್ಯಾಯ ಇನ್ನೂ ಮುಟ್ಟೇ ಇಲ್ಲ ಅಕ್ಕಾ. ಸೋಮವಾರ ತಾತ ಬರ್ತಾರಲ್ಲ, ಆವಾಗ.”

“ನೀವು ಕೇಳಿ ನೋಡಿದ್ರಾ, ಅಲ್ಲಿ ತಪ್ಪಿತ್ತಾ?”

“ನಿಮ್ಮ ಪಟ್ಟಿ ಇರೋವಾಗ ನಾನ್ಯಾಕೆ ಕೇಳ್ಲಿ? ನೀವು ಹೇಳಿದ ಜಾಗ ತೆಗಿತೀನಿ, ತಾತ ಮತ್ತೆ ಓದ್ತಾರೆ, ಅಂಟಿಸ್ತೀನಿ.” ಅವನು ಒಂದು ಗಳಿಗೆ ತಡೆದ. “ಯಾಕಕ್ಕಾ, ನಿಮ್ಮ ಮನೆ ಇಂಟರ್ನೆಟ್ಟು ಸರಿಯಾಗಿದೆ ತಾನೆ? ನಮ್ಮ ಆ್ಯಪ್ಪು ಹಾಡಿನ ಆ್ಯಪ್ ಥರ ಚಕ್ರ ತಿರುಗಿಸ್ಕೊಂಡು ನಿಲ್ಲಲ್ಲ. ದನಿ ಬರೋದು ತಡ ಆದ್ರೆ ಆ ಚೂರನ್ನ ಬಿಟ್ಟು ಮುಂದಕ್ಕೆ ಹೋಗ್ತಾ ಇರತ್ತೆ.”

ಅಂದರೆ ನುಂಗಿದ್ದು ತಾತನಲ್ಲ. ತನ್ನ ಮನೆ. ಎಂಟು ವರ್ಷದಿಂದ ಕಿವಿಯನ್ನು ನಂಬಿಕೊಂಡು ಬಂದವಳು, ಕಿವಿಗೆ ಬಂದು ತಲುಪುವ ದಾರಿಯನ್ನು ಒಂದು ದಿನವೂ ಅನುಮಾನಿಸಿರಲಿಲ್ಲ. ಅರವತ್ತಮೂರು ಸಲ ಒಬ್ಬ ಹಿರಿಯರ ಬಾಯಿಗೆ ತಪ್ಪು ಹೊರಿಸಿದ್ದಳು. ಅವಳು ಹೊರಗೆ ಬಂದು, ಎಲ್ಲರ ಮುಂದೆ, ಇಸ್ಪೀಟಿನ ನಡುವೆಯೇ, ನಡೆದದ್ದನ್ನು ಹೇಳಿದಳು. ಹೇಳುತ್ತಲೇ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಮಾವ ಎಲೆಗಳನ್ನು ಕೆಳಗಿಟ್ಟರು. ನಲವತ್ತು ವರ್ಷ ನಲ್ಲಿ, ಪೈಪು, ಕಕ್ಕಸುಗಳ ರಿಪೇರಿ ಮಾಡಿದವರು ಅವರು. ಜಗತ್ತಿನಲ್ಲಿ ಹರಿಯುವುದೆಲ್ಲ ನೀರಿನ ಜಾತಿಯೇ ಎಂಬುದು ಅವರ ನಂಬಿಕೆ.

“ಅಳೋದು ಆಮೇಲೆ. ನೀರು ಬರ್ತಿಲ್ಲ ಅಂದ್ರೆ ಮೂರೇ ಕಾರಣ. ಮೂಲದಲ್ಲೇ ಇಲ್ಲ, ಇಲ್ಲಾ ಪೈಪಲ್ಲಿ ಕಸ ಕಟ್ಕೊಂಡಿದೆ, ಇಲ್ಲಾ ಯಾರೋ ನಲ್ಲಿ ಬಿಟ್ಟು ಹೋಗಿದಾರೆ. ಆ ಡಬ್ಬ ಎಲ್ಲಿದೆ, ತೋರ್ಸು.”

ಆ ಡಬ್ಬ, ಅಂದರೆ ವೈಫೈ ರೌಟರ್, ಎಲ್ಲಿದೆಯೆಂದು ನೆನಪಿಸಿಕೊಳ್ಳಲು ಎಲ್ಲರಿಗೂ ಸ್ವಲ್ಪ ಹೊತ್ತು ಹಿಡಿಯಿತು. ಅತ್ತೆ ನಾಲಿಗೆ ಕಚ್ಚಿಕೊಂಡರು. ನಡುಮನೆಯಲ್ಲಿ ಅದರ ಕೊಂಬುಗಳು ಚೆನ್ನಾಗಿ ಕಾಣುವುದಿಲ್ಲವೆಂದು ಅವರು ಅದನ್ನು ಅಡಿಗೆಮನೆಯ ಸ್ಟೀಲ್ ಕಪಾಟಿನೊಳಗೆ, ಹಳೆಯ ಬಾಣಲೆಗಳ ಹಿಂದೆ ಇಟ್ಟಿದ್ದರು. ಮೇಲೊಂದು ಕಸೂತಿ ಬಟ್ಟೆ ಬೇರೆ ಹೊದಿಸಿದ್ದರು, ಧೂಳು ಕೂರದಿರಲೆಂದು.

“ಅಜ್ಜೀ, ಅದೇನು ಅದಕ್ಕೆ ಚಳಿ ಜ್ವರನಾ?” ಎಂದಳು ಮಗಳು. ಹದ್ದುಗಿವಿಯ ಈ ಹದಿನೈದರ ಮಗಳಿಗೆ ಯಂತ್ರಗಳ ಬಗ್ಗೆ ಗೊತ್ತಿಲ್ಲದ್ದು ಕಡಿಮೆ, ಅದನ್ನು ಮುಚ್ಚಿಟ್ಟುಕೊಳ್ಳುವುದು ಅದಕ್ಕಿಂತ ಕಡಿಮೆ. ಕಬ್ಬಿಣ ದಾಟಿ ವೈಫೈ ಬರುವುದು ಕಷ್ಟವೆಂದು ಅವಳು ಅಜ್ಜಿಗೆ ಪಾಠ ಹೇಳಿದಳು. ಗಂಡ ರೌಟರನ್ನು ಹೊರಗೆ ತಂದು, ನಡುಮನೆಯ ಗೋಡೆಗೆ ಎತ್ತರದಲ್ಲಿ ಒಂದು ಹಲಗೆ ಬಡಿದು ಕೂರಿಸಿದ. ಮಗಳು ಅಕ್ಕಪಕ್ಕದ ಮನೆಗಳ ವೈಫೈಗೆ ಡಿಕ್ಕಿ ಹೊಡೆಯದ ಬೇರೊಂದು ಚಾನೆಲ್ ಆರಿಸಿದಳು. ಆಮೇಲೆ ಮನೆಮಂದಿಯೆಲ್ಲ, ನಾದಿನಿಯ ಮಕ್ಕಳೂ ಸೇರಿ, ಅವಳ ಕುರ್ಚಿಯ ಸುತ್ತ ಉಸಿರು ಬಿಗಿಹಿಡಿದು ನಿಂತರು. ಅವಳು ಅರ್ಧ ಗಂಟೆ ಕೇಳಿದಳು. ಒಂದೇ ಒಂದು ಚೂರೂ ಬಿಟ್ಟುಹೋಗಲಿಲ್ಲ.

“ಆಯ್ತು ನೋಡು, ಪೈಪಲ್ಲಿ ಕಸ,” ಎಂದು ಮಾವ ಮೀಸೆ ತಿರುವಿದರು. ನಾದಿನಿ ಸಂಜೆ ಮಕ್ಕಳನ್ನು ಕಟ್ಟಿಕೊಂಡು ಹೊರಟಳು.

ಭಾನುವಾರ ಆ್ಯಪ್‌ನಲ್ಲಿ ಉಳಿದಿದ್ದ, ತಿದ್ದುವ ಮುಂಚಿನ ರೆಕಾರ್ಡಿಂಗನ್ನೇ ಹಾಕಿ ಅರವತ್ತಮೂರನ್ನೂ ಮೊದಲಿನಿಂದ ಕೇಳಿ, ನಿಜ ಎಷ್ಟು ಸುಳ್ಳು ಎಷ್ಟು ಎಂದು ಬೇರೆ ಮಾಡುವುದೆಂದು ಅವಳು ನಿರ್ಧರಿಸಿದಳು. ಇಂಥ ಮಹತ್ವದ ದಿನ ಮನೆಯವರು ಸುಮ್ಮನಿದ್ದಾರೆಯೆ? ಹನ್ನೊಂದು ಗಂಟೆಗೆ ಬ್ಯಾಟರಿ ಕನ್ನಡಕದ ಡಬ್ಬಿ ಸೇರಿತು. ಇಸ್ಪೀಟು ಕಟ್ಟಿಟ್ಟರು. ಅತ್ತೆ ಕೊನೆಯ ಬಾರಿಗೆ ಕೆಮ್ಮಿಕೊಂಡರು. ಎಲ್ಲರೂ ತುದಿಗಾಲಿನಲ್ಲಿ ಚದುರಿದರು. ಮನೆ ಸ್ಮಶಾನದಷ್ಟು ಶಾಂತವಾಯಿತು.

ಐದೇ ನಿಮಿಷ. ‘ಹುಟ್... ದ.’ ಟಕ್. ‘ಮೊಮ್... ಳು.’

ಅವಳಿಗೆ ನಂಬಲಾಗಲಿಲ್ಲ. ರೌಟರ್ ನಡುಮನೆಯ ಗೋಡೆಯ ಮೇಲೇ ಇದೆ, ಕಬ್ಬಿಣವಿಲ್ಲ, ಕಸೂತಿಯಿಲ್ಲ. ನಿನ್ನೆ ಗಲಾಟೆಯ ನಡುವೆ ಬಂಗಾರದಂತೆ ಬಂದದ್ದು ಇವತ್ತು ಸೂಜಿ ಬಿದ್ದರೆ ಕೇಳುವ ಮೌನದಲ್ಲಿ ಚಿಂದಿಯಾಗಿ ಬರುತ್ತಿದೆ. ಗದ್ದಲವಿದ್ದಾಗ ಸರಿ, ಮೌನವಿದ್ದಾಗ ಕೆಡುತ್ತದೆ. ಇದೆಂಥ ತಿರುಗುಮುರುಗು ನ್ಯಾಯ? ಗಂಡನನ್ನು ಕೇಳೋಣವೆಂದು ಅವಳು ಹೆಡ್‌ಫೋನ್ ತೆಗೆದಿಟ್ಟು ಎದ್ದಳು.

ಮಲಗುವ ಕೋಣೆಯಲ್ಲಿ ಗಂಡ ಅಂಗಾತ ಬಿದ್ದುಕೊಂಡು, ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು, ಯಾವನೋ ಗಡ್ಡದವನು ಹಿಮದ ಕಾಡಿನಲ್ಲಿ ಒಬ್ಬನೇ ಮರದ ಮನೆ ಕಟ್ಟುವುದನ್ನು ನೋಡುತ್ತಿದ್ದ. ಮರದ ಹೊಟ್ಟಿನ ಒಂದೊಂದು ಎಳೆಯನ್ನೂ ಎಣಿಸಬಹುದಾದಷ್ಟು ಸ್ವಚ್ಛವಾದ ಚಿತ್ರ. ಶಾಲಾ ವ್ಯಾನಿನ ಡ್ರೈವರ್ ಅವನು, ಮೂರು ವಾರದಿಂದ ಶಾಲೆಗೆ ರಜೆ. ಅವಳು ಮೆಲ್ಲಗೆ ಬಾಗಿಲು ಮುಂದೆ ಮಾಡಿದಳು.

ಅಡಿಗೆಮನೆಯಲ್ಲಿ ಫ್ರಿಜ್ಜಿನ ಮರೆಗೆ ಸಣ್ಣ ಮಣೆ ಹಾಕಿಕೊಂಡು ಅತ್ತೆ ಧಾರಾವಾಹಿ ನೋಡುತ್ತಿದ್ದರು. ಇಯರ್‌ಫೋನ್ ಇತ್ತು. ಕಣ್ಣೀರು ಧಾರಾಕಾರವಾಗಿ ಇಳಿಯುತ್ತಿತ್ತು, ಆದರೆ ಬಿಕ್ಕಿನ ಸದ್ದು ಹೊರಬರದಂತೆ ಕೈಒರಸುವ ಬಟ್ಟೆಯನ್ನು ಬಾಯಿಗೆ ಒತ್ತಿಕೊಂಡಿದ್ದರು.

ಬಾಲ್ಕನಿಯಲ್ಲಿ ಮಗಳು ಮೂವರು ಗೆಳತಿಯರ ಜೊತೆ ವಿಡಿಯೊ ಕರೆಯಲ್ಲಿದ್ದಳು. ಮಾತಿಲ್ಲ. ಕೈ, ಹುಬ್ಬು, ತುಟಿಯಲ್ಲೇ ಯಾರದೋ ಚಾಡಿ ಭರದಿಂದ ಸಾಗಿತ್ತು.

ಮಾವ ಎಲ್ಲೂ ಇರಲಿಲ್ಲ. ಕೊನೆಗೆ ಬಚ್ಚಲುಮನೆಯಲ್ಲಿ ಸಿಕ್ಕರು. ಬಕೆಟ್ ಬೋರಲು ಹಾಕಿ ಅದರ ಮೇಲೆ ಕುಳಿತು, ಯಾವುದೋ ದೂರದೇಶದಲ್ಲಿ ಕಟ್ಟಿಹೋದ ಚರಂಡಿಯನ್ನು ಬಿಡಿಸುವ ವಿಡಿಯೊವನ್ನು ತಪಸ್ಸಿನಂತೆ ನೋಡುತ್ತಿದ್ದರು. ಚರಂಡಿ ಬಿಡಿಸಿಕೊಂಡು ಗುಳುಗುಳು ಎನ್ನುವ ಹೊತ್ತಿಗೆ ಅವರ ಮುಖದ ಮೇಲೆ ಒಂದು ದಿವ್ಯ ಕಳೆ ಬಂದಿತ್ತು.

ಅವಳು ನಡುಮನೆಗೆ ಬಂದು ನಿಂತಳು. ಮೊದಲು ಸಣ್ಣಗೆ ನಗು ಬಂತು. ಆಮೇಲೆ ತಡೆಯಲಾಗಲಿಲ್ಲ. ಹೊಟ್ಟೆ ಹಿಡಿದುಕೊಂಡು ನೆಲದ ಮೇಲೆ ಕುಳಿತೇಬಿಟ್ಟಳು. ಅಂದಿನ ಮೌನದ ಹೊತ್ತಿನಲ್ಲಿ ಆ ಮನೆಯಲ್ಲಿ ಎದ್ದ ಮೊದಲ ಸದ್ದು ಅದು. ಏನಾಯಿತೋ ಎಂದು ನಾಲ್ಕು ಕಡೆಯಿಂದ ನಾಲ್ವರೂ ಓಡಿಬಂದರು, ನಾಲ್ವರ ಕುತ್ತಿಗೆಯಲ್ಲೂ ಇಯರ್‌ಫೋನ್ ನೇತಾಡುತ್ತಿತ್ತು.

“ನೀವು ಮಾತಾಡ್ಕೊಂಡು ಕೂತಿದ್ರೆ ನಂಗೇನೂ ಆಗ್ತಿರ್ಲಿಲ್ಲ,” ಎಂದಳು ಕಣ್ಣೊರೆಸಿಕೊಳ್ಳುತ್ತಾ. “ನನಗೋಸ್ಕರ ಸುಮ್ಮನಿರ್ಬೇಕು ಅಂತ ಒಬ್ಬೊಬ್ರೂ ಒಂದೊಂದು ಮೂಲೆ ಸೇರಿ ವಿಡಿಯೊ ನೋಡ್ತೀರ. ಇರೋ ಇಂಟರ್ನೆಟ್ಟೆಲ್ಲ ನೀವೇ ಕುಡಿದುಬಿಡ್ತೀರ. ನಿನ್ನೆ ಎಲ್ಲರೂ ಇಸ್ಪೀಟಿಗೆ ಕೂತಿದ್ರಿ, ಫೋನ್ ಯಾರೂ ಮುಟ್ಟಿರ್ಲಿಲ್ಲ. ಅದಕ್ಕೇ ಸರಿ ಇತ್ತು.”

ಮಾವನ ಬಾಯಿ ತೆರೆದೇ ಇತ್ತು. “ಅಂದ್ರೆ... ನಲ್ಲಿ ಬಿಟ್ಕೊಂಡು ಕೂತಿದ್ದು ನಾವೇನಾ?”

“ನಾಲ್ಕೂ ನಲ್ಲಿ, ಪೂರ್ತಿ ತಿರುಗಿಸಿ,” ಎಂದಳು ಮಗಳು.

“ಇಷ್ಟು ವರ್ಷದಿಂದ ಕೆಮ್ಮು ಕೂಡ ನುಂಗ್ಕೊಂಡಿದೀನಲ್ಲೇ ನಾನು!” ಎಂದು ಅತ್ತೆ ನೊಂದುಕೊಂಡರು. ಸೊಸೆ ಎದ್ದು ಅವರನ್ನು ತಬ್ಬಿಕೊಂಡಳು. ಇಂಥ ಅತ್ತೆಯ ಮೇಲೆ ಸಿಟ್ಟು ಮಾಡಿಕೊಳ್ಳುವುದು ಹೇಗೆ? ರಜೆಗೆ ಮುಂಚೆ ಅತ್ತೆಯ ಕಣ್ಣೀರನ್ನೂ ಮಾವನ ಚರಂಡಿಯನ್ನೂ ಆ ಇಂಟರ್ನೆಟ್ಟು ಹೇಗೋ ಹೊತ್ತುಕೊಂಡಿತ್ತು. ಮೇಲೆ ಮರದ ಮನೆಯೂ ಮೂವರು ಗೆಳತಿಯರೂ ಬಂದು ಕೂತಾಗ ಬೆನ್ನು ಮುರಿದಿತ್ತು.

ಅಂದಿನ ಮಧ್ಯಾಹ್ನದ ಸೇನಾಪತಿ ಮಾವ. ಸೊಸೆಯ ಮೇಜಿಗೆ ಬೇರೆಯದೇ ಪೈಪು ಹಾಕಬೇಕು, ಗಾಳಿಯನ್ನು ನಂಬಿ ಕೂರುವುದು ಬೇಡ ಎಂದು ಅವರ ತೀರ್ಪು. ಗಂಡ ಅಂಗಡಿಗೆ ಓಡಿ ಉದ್ದನೆಯ ಕೇಬಲ್ ತಂದ. ಮಾವ ತಮ್ಮ ಹಳೆಯ ಡ್ರಿಲ್ ತೆಗೆದು ಗೋಡೆ ಕೊರೆದರು. ಮೊದಲನೆಯ ತೂತು ಆಚೆ ಕಡೆ ಕನ್ನಡಿಯ ಹಿಂದೆ ಹೊರಟಿತು. ಎರಡನೆಯದು ಸರಿಯಾಗಿ ಮೇಜಿನ ಪಕ್ಕಕ್ಕೆ ಬಂತು. ಮೊದಲನೆಯ ತೂತಿನ ಮಾತನ್ನು ಯಾರೂ ಎತ್ತಬಾರದೆಂದು ಅವರು ಅಪ್ಪಣೆ ಕೊಟ್ಟರು. ಅಷ್ಟರಲ್ಲಿ ಮಗಳು ರೌಟರಿನ ಒಳಹೊಕ್ಕು, ಮೊದಲ ಪಾಲು ಅಮ್ಮನ ಕಂಪ್ಯೂಟರಿಗೆ, ಮಿಕ್ಕಿದ್ದು ಉಳಿದವರಿಗೆ ಎಂದು ಸರದಿ ಕಟ್ಟಿದಳು.

“ಅಂದ್ರೆ ಎಷ್ಟೇ ನಲ್ಲಿ ಬಿಟ್ರೂ ಇವಳ ತೊಟ್ಟಿ ತುಂಬಿದ ಮೇಲೇ ನಮಗೆ,” ಎಂದು ಮಾವ ಅರ್ಥಮಾಡಿಕೊಂಡರು.

“ಅಜ್ಜಾ, ನಿಮಗೆ ನೆಟ್‌ವರ್ಕ್ ಕೆಲಸ ಕೊಡಬಹುದು,” ಎಂದಳು ಮೊಮ್ಮಗಳು. ಅವರು ಎರಡು ದಿನ ಆ ಮಾತನ್ನು ಕಂಡಕಂಡವರಿಗೆ ಹೇಳಿಕೊಂಡು ತಿರುಗಿದರು.

ಪರೀಕ್ಷೆಯೂ ಕಠಿಣವಾಗಿಯೇ ಆಯಿತು. ಮಾವ ಹೇಳಿದಂತೆ, ಎಲ್ಲ ನಲ್ಲಿಗಳನ್ನೂ ಬೇಕೆಂದೇ ತೆರೆದರು: ಮರದ ಮನೆ, ಧಾರಾವಾಹಿ, ಗೆಳತಿಯರು, ಚರಂಡಿ, ಸಾಲದ್ದಕ್ಕೆ ಟೀವಿ. ಅವಳು ಕಣ್ಣು ಮುಚ್ಚಿ ಕೇಳಿದಳು. ತಾತನ ದನಿ ತುಂಬಿದ ಹೊಳೆಯಂತೆ ಹರಿದು ಬಂತು. ಹೊರಗೆ ಅತ್ತೆಯ ಧಾರಾವಾಹಿ ಮಾತ್ರ ಮಸುಕು ಮಸುಕಾಗಿ, ನಾಯಕಿಯ ಮುಖ ಚೌಕಚೌಕವಾಯಿತು. ಅತ್ತೆ ಅದನ್ನೂ ನೋಡಿ ಅತ್ತರು.

ಸಂಜೆಯಾಗುವ ಹೊತ್ತಿಗೆ ಅವಳು ಅರವತ್ತಮೂರು ಜಾಗಗಳನ್ನೂ ಎರಡೆರಡು ಸಲ ಕೇಳಿ ಮುಗಿಸಿದ್ದಳು. ಅರವತ್ತೊಂದರಲ್ಲಿ ತಪ್ಪೇ ಇರಲಿಲ್ಲ. ಎರಡರಲ್ಲಿ ಮಾತ್ರ ಇತ್ತು, ಅವೆರಡೂ ಇನ್ನೂ ತಿದ್ದದ ಅಧ್ಯಾಯದವು. ಒಂದು ಕಡೆ ‘ಆಚೆ’ ಎಂಬ ಪದ ಬಿಟ್ಟಿದ್ದರು. ಇನ್ನೊಂದು ಕಡೆ ಉದ್ದನೆಯ ವಾಕ್ಯವೊಂದರ ಕೊನೆಗೆ ಉಸಿರು ಸಾಲದೆ ಕಡೆಯ ಪದ ಗಂಟಲಲ್ಲೇ ಉಳಿದಿತ್ತು.

ಈಗ ಮಾಡುವುದೇನು ಎಂಬ ಮಾತು ಊಟದ ಹೊತ್ತಿಗೆ ಬಂತು.

“ತಾತ ಸುಧಾರಿಸಿದ್ದಾರೆ, ಎಲ್ಲಾ ಸರಿಯಾಗಿದೆ ಅಂತ ಬರೆದು ಕಳಿಸಿಬಿಡು,” ಎಂದರು ಅತ್ತೆ. “ಹಾವೂ ಸಾಯತ್ತೆ, ಕೋಲೂ ಮುರಿಯಲ್ಲ.”

ಗಂಡನೂ ಹೂಂಗುಟ್ಟಿದ. “ನಿನ್ನ ಕಿವಿನೇ ನಿನ್ನ ಕೆಲಸ. ಅದೇ ತಪ್ಪು ಮಾಡ್ತು ಅಂತ ನೀನೇ ಹೋಗಿ ಹೇಳಿದ್ರೆ ನಾಳೆ ಯಾರು ಕರೀತಾರೆ?”

ಅದು ಸುಳ್ಳಲ್ಲ. ಅಳತೆಗೋಲೇ ಡೊಂಕು ಎಂದು ಗೊತ್ತಾದರೆ ಅದನ್ನು ಇಟ್ಟುಕೊಳ್ಳುವವರು ಯಾರು? ಅವಳಿಗೆ ಈ ಕೆಲಸ ಬಿಟ್ಟರೆ ಬೇರೆ ಗೊತ್ತಿರಲಿಲ್ಲ, ಬೇರೆ ಬೇಕಾಗಿಯೂ ಇರಲಿಲ್ಲ. ತಟ್ಟೆಯ ಅನ್ನವನ್ನು ಕಲಸುತ್ತಲೇ ಇದ್ದಳು.

“ಸುಧಾರಿಸಿದ್ದಾರೆ ಅಂದ್ರೆ ಮೊದಲು ಕೆಟ್ಟಿದ್ರು ಅಂತ ಆಯ್ತಲ್ಲ ಅತ್ತೆ,” ಎಂದಳು ಕೊನೆಗೆ. “ತಪ್ಪು ತಮ್ಮದೇ ಅಂತ ತಾತ ಅಂದ್ಕೊಂಡೇ ಇರ್ತಾರೆ.”

ಮಾವ ಅವಳ ತಟ್ಟೆಗೆ ಇನ್ನೊಂದು ಸೌಟು ಬಡಿಸಿದರು.

ಸೋಮವಾರ ಹತ್ತಕ್ಕೆ ಮೊದಲೇ ಅವಳು ಸ್ಟುಡಿಯೊದಲ್ಲಿದ್ದಳು. ಬಾಗಿಲ ಬಳಿಯ ಬೆಂಚಿನ ಮೇಲೆ ಗಿಡ್ಡನೆಯ ಮುದುಕರೊಬ್ಬರು ಬಿಸಿನೀರಿನ ಫ್ಲಾಸ್ಕ್ ಹಿಡಿದು ಕುಳಿತಿದ್ದರು. ಇಷ್ಟು ದೊಡ್ಡ ದನಿ ಇಷ್ಟು ಸಣ್ಣ ಮನುಷ್ಯನೊಳಗೆ ಹೇಗೆ ಹಿಡಿಸಿತೆಂದು ಅವಳು ಒಂದು ಕ್ಷಣ ಬೆರಗಾದಳು. ಪರಿಚಯ ಹೇಳಿಕೊಂಡಳು. ಅವರು ತಟಕ್ಕನೆ ಎದ್ದು ನಿಂತರು, ಪರೀಕ್ಷೆಯ ಸಾಹೇಬರು ಬಂದಂತೆ.

“ನೀವೇನಾ ಆ ಪಟ್ಟಿ ಬರೆಯೋರು? ತುಂಬಾ ತೊಂದ್ರೆ ಕೊಟ್ಬಿಟ್ಟೆ ನಿಮಗೆ. ಹಲ್ಲಿನ ಸೆಟ್ಟು ಸಡಿಲ ಆಗಿರಬಹುದು ಅಂತ ಹೊಸದು ಕಟ್ಟಿಸ್ಕೊಂಡೆ. ಬೆಳಿಗ್ಗೆ ಎದ್ದು ಒಂದು ಗಂಟೆ ಗಟ್ಟಿಯಾಗಿ ಓದ್ತೀನಿ. ನನ್ನ ಹೆಂಡತಿ ಕೂತು ಕೇಳ್ತಾಳೆ. ಒಂದು ಪದಾನೂ ನುಂಗ್ತಿಲ್ಲ ಅಂತಾಳೆ. ಅವಳು ಹೇಳೋದನ್ನ ನಂಬೋಕಾಗತ್ತಾ? ಪ್ರೀತಿಗೆ ಹೇಳ್ತಾಳೆ.”

ಅವಳು ನಿಂತಲ್ಲೇ ಎಲ್ಲವನ್ನೂ ಹೇಳಿದಳು. ಸ್ಟೀಲ್ ಕಪಾಟು, ಬಚ್ಚಲಿನ ಬಕೆಟ್, ಯಾವುದನ್ನೂ ಬಿಡಲಿಲ್ಲ. “ತಪ್ಪು ನಿಮ್ಮದಲ್ಲ. ನನ್ನದು,” ಎಂದು ಕೈಜೋಡಿಸಿದಳು.

ತಾತ ನಿಧಾನವಾಗಿ ಕುಳಿತರು. “ಹಾಗಾದ್ರೆ ನಾನು ನುಂಗ್ಲಿಲ್ವಾ?”

“ಇಲ್ಲ.”

ಅವರು ಜೇಬಿನಿಂದ ಫೋನ್ ತೆಗೆದು ಹೆಂಡತಿಗೆ ಹಚ್ಚಿದರು. “ಲೇ, ನೀನು ಹೇಳಿದ್ದೇ ಸರಿ ಕಣೇ,” ಎಂದರು. ಆ ಕಡೆಯಿಂದ ಬಂದ ಮಾತು ಬೆಂಚಿನವರೆಗೂ ಕೇಳಿಸಿತು. ಮೂರು ವಾರದ ಬಾಕಿಯನ್ನು ಆ ಮಹಾತಾಯಿ ಒಂದೇ ಉಸಿರಿನಲ್ಲಿ ತೀರಿಸಿದರು. ತಾತ ಬೈಸಿಕೊಳ್ಳುತ್ತಲೇ ನಕ್ಕರು, ನಗುತ್ತಲೇ ಕಣ್ಣೊರೆಸಿಕೊಂಡರು. ಫೋನ್ ಇಟ್ಟು ಅವಳ ಕಡೆ ತಿರುಗಿದರು.

“ಅರವತ್ತಮೂರೂ ಸುಳ್ಳಾ?”

ಎಲ್ಲಾ ಎಂದುಬಿಟ್ಟರೆ ಆ ಮುಖ ಇನ್ನೂ ಅರಳುತ್ತಿತ್ತು. “ಎರಡು ನಿಜ,” ಎಂದಳು.

“ಯಾವ ಎರಡು? ತೋರ್ಸಿ, ಈಗಲೇ ಓದಿಬಿಡೋಣ,” ಎಂದು ಅವರು ಎದ್ದೇಬಿಟ್ಟರು.

ಸಂಪಾದಕಿ ಬಾಗಿಲಲ್ಲಿ ನಿಂತು ಅರ್ಧಕ್ಕಿಂತ ಹೆಚ್ಚು ಕೇಳಿಸಿಕೊಂಡಿದ್ದರು. ಮುಖ ಬಿಗಿದಿತ್ತು. “ಮೂರು ವಾರ ಅವರಿಂದ ಮತ್ತೆ ಮತ್ತೆ ಓದಿಸಿದೀವಿ. ನಾಳೆ ನಿಮ್ಮ ಪಟ್ಟಿನ ನಾನು ಯಾವ ಧೈರ್ಯದ ಮೇಲೆ ನಂಬ್ಲಿ ಹೇಳಿ,” ಎಂದಷ್ಟೇ ಹೇಳಿ, ಒಳಗೆ ಬಂದು ಕೈಕಟ್ಟಿ ನಿಂತರು.

ರೆಕಾರ್ಡಿಂಗ್‌ನವನು ಅವಳ ಕೈಗೊಂದು ಹೆಡ್‌ಫೋನ್ ಕೊಟ್ಟ. ಗಾಜಿನಾಚೆ ತಾತ ಮೈಕಿನ ಮುಂದೆ ಕುಳಿತರು. ‘ಆಚೆ’ ಎಂಬ ಪದ ಬಿಟ್ಟುಹೋಗಿದ್ದ ವಾಕ್ಯ ಒಂದೇ ಸಲಕ್ಕೆ ಸರಿಹೋಯಿತು. ಆಮೇಲೆ ಆ ಉದ್ದನೆಯದು.

“ನೆರೆ ಇಳಿದ ಮೂರನೆಯ ದಿನ, ಕೊಚ್ಚಿಹೋಗಿದ್ದ ದೋಣಿಯ ಅರ್ಧ ಹಲಗೆಯನ್ನು ಹೆಗಲ ಮೇಲೆ ಹೊತ್ತುಕೊಂಡು, ಊರವರೆಲ್ಲ ನೋಡುತ್ತಿರುವಂತೆಯೇ, ಯಾರ ಮುಖವನ್ನೂ ನೋಡದೆ, ಅವಳು ತನ್ನ ಮನೆಯ ಬಾಗಿಲವರೆಗೆ ನಡೆದು...”

ಕೊನೆಯ ಪದ ಬಂತೋ ಇಲ್ಲವೋ ಎಂಬಷ್ಟು ಸಣ್ಣಗೆ ಬಂದು ಆರಿಹೋಯಿತು. ತಾತ ಹಾಳೆಯಿಂದ ತಲೆಯೆತ್ತಿ ಗಾಜಿನಾಚೆಗೆ ನೋಡಿದರು, ಸರಿಯಾಯಿತಲ್ಲ ಎಂಬಂತೆ. ರೆಕಾರ್ಡಿಂಗ್‌ನವನ ಬೆರಳು ಮುಂದಿನ ಗುಂಡಿಯ ಮೇಲಿತ್ತು. ಅರವತ್ತೊಂದು ಸಲ ಇಲ್ಲದ ತಪ್ಪು ಹಿಡಿದವಳು ಅರವತ್ತೆರಡನೆಯ ಸಲ ಬಾಯಿ ತೆರೆಯುವುದು ಹೇಗೆ? ಸಂಪಾದಕಿಯ ಕಣ್ಣು ತನ್ನ ಕೆನ್ನೆಯ ಮೇಲೇ ಇರುವುದು ಅವಳಿಗೆ ಗೊತ್ತಾಗುತ್ತಿತ್ತು. ಅವಳು ಕೈ ಎತ್ತಿದಳು.

“ನುಂಗಿದ್ರಿ,” ಎಂದಳು.

“ಖಂಡಿತಾನಾ?” ಸಂಪಾದಕಿ ಕೇಳಿದರು.

“ಖಂಡಿತ. ಕೊನೇ ಪದ.”

ರೆಕಾರ್ಡಿಂಗ್‌ನವನು ಹಿಂದಕ್ಕೆ ತಿರುಗಿಸಿ ಗಟ್ಟಿಯಾಗಿ ಹಾಕಿದ. ‘ನಡೆದು...’ ಆಮೇಲೆ ಬರಿಯ ಉಸಿರು. ಮೂವರೂ ಕೇಳಿದರು. ಗಾಜಿನಾಚೆ ತಾತ ಮೆಲ್ಲಗೆ ತಲೆಯಾಡಿಸಿದರು.

“ಹೌದು, ಹೋಯ್ತು. ನಂಗೂ ಅನುಮಾನ ಇತ್ತು,” ಎಂದರು. ಪೆನ್ಸಿಲ್ ತೆಗೆದುಕೊಂಡು ವಾಕ್ಯದ ನಡುವೆ ಒಂದು ಗೆರೆ ಎಳೆದುಕೊಂಡರು, ಉಸಿರೆಳೆದುಕೊಳ್ಳುವ ಜಾಗಕ್ಕೆ. ಮತ್ತೆ ಓದಿದರು. ‘ಯಾರ ಮುಖವನ್ನೂ ನೋಡದೆ’ ಎಂಬಲ್ಲಿ ಕ್ಷಣಕಾಲ ನಿಂತರು. ಆಮೇಲೆ ಬಂದ ‘ನಡೆದು ಬಂದಳು’ ಬಾಗಿಲಿನವರೆಗೂ ಬಂದು ತಲುಪಿತು.

ಓದಿ ಮುಗಿಸಿ ಅವರು ಸಂಪಾದಕಿಯ ಕಡೆ ನೋಡಲಿಲ್ಲ. ಅವಳ ಕಡೆ ನೋಡಿದರು. “ಈಗ?”

“ಈಗ ಪೂರ್ತಿ ಬಂತು.”

ಸಂಪಾದಕಿ ಕಟ್ಟಿದ್ದ ಕೈ ಬಿಚ್ಚಿದರು. ಮೇಜಿನ ಮೇಲಿದ್ದ ಹೊಸ ಹುಡುಗಿಯ ಕಾಗದಗಳನ್ನು ಮಡಿಚಿ ಚೀಲಕ್ಕೆ ಹಾಕಿಕೊಂಡು, ರೆಕಾರ್ಡಿಂಗ್‌ನವನಿಗೆ, “ಐದನೇ ಸಂಪುಟ ತೆಗಿ. ಮೊದಲನೇ ಅಧ್ಯಾಯ,” ಎಂದರು.

ಗಾಜಿನಾಚೆಯಿಂದ ತಾತ ಕೇಳಿದರು: “ಇವರೇ ಕೇಳ್ತಾರೆ ತಾನೆ?”

ಸಂಪಾದಕಿ ಬಗ್ಗಿ ಮೈಕಿನ ಗುಂಡಿ ಒತ್ತಿದರು. “ಹೂಂ, ಇವರೇ,” ಎಂದರು.